ಹೊರಬಂಡೆಯ ಮುನ್ಸೂಚನೆಗೊಂದು ತಕರಾರು

ಗಂಡ: ಆ ಕೊನೇ ಸಾಲು ನನ್ನನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದಿದ್ದು. ಸುಳ್ಳು ಹೇಳಬೇಡ.

ಹೆಂಡತಿ: ಅದು ಸಾರ್ವಜನಿಕರಿಗೆ ಬರೆದಿದ್ದು.

ಗಂಡ: ಸಾರ್ವಜನಿಕರಲ್ಲಿ ಹಾಗೆ ಅಂದುಕೊಂಡಿರೋರು ನನ್ನ ಬಿಟ್ಟು ಇನ್ಯಾರಿದ್ದಾರೆ?

ಹೆಂಡತಿ: ನೋಡಿ, ನೀವೇ ಒಪ್ಕೊಂಡ್ರಿ.

ಮಾತು ನಡೆದಿದ್ದು ಕಡಲದಂಡೆಯ ಹವಾಮಾನ ಕಚೇರಿಯ ಕಿಟಕಿಯಲ್ಲಿ. ಒಳಗೆ ಹೆಂಡತಿ, ಹೊರಗೆ ಗಂಡ, ನಡುವೆ ಕಬ್ಬಿಣದ ಸರಳು, ಸರಳಿನ ಕೆಳಗೆ ಒಂದು ಕೈ ತೂರುವಷ್ಟು ಕಿಂಡಿ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಗ್ಗೆ ಹೊರಬಂಡೆಯ ಅಲೆ, ಗಾಳಿಗಳ ಮುನ್ಸೂಚನೆ ಬರೆಯುವಾಕೆ ಹೆಂಡತಿ. ಗಂಡ ಪಕ್ಕದ ರಸ್ತೆಯ ಹಲ್ಲಿನ ಡಾಕ್ಟರು. ಬಿಡುವು ಸಿಕ್ಕಿದಾಗಲೆಲ್ಲ, ಸಿಗದಿದ್ದಾಗಲೂ, ಸರ್ಫಿಂಗ್ ಹಲಗೆ ಹೊತ್ತು ಅಲೆ ಏರಲು ಹೋಗುವಾತ. ಹೊರಬಂಡೆ ಎಂದರೆ ದಡದಿಂದ ಮುನ್ನೂರು ಮಾರು ಆಚೆ, ನೀರಿನಡಿ ಮಲಗಿರುವ ಚೂಪು ಕಲ್ಲಿನ ಸಾಲು. ಅಲೆ ಅದಕ್ಕೆ ಎಡವಿದರೆ ಚಾಪೆ ಸುತ್ತಿದಂತೆ ಸುರುಳಿಯಾಗುತ್ತದೆ. ಆ ಸುರುಳಿಯೊಳಗೆ ಹಲಗೆಯ ಮೇಲೆ ನಿಂತು ಹೋಗುವುದೇ ಸುಖ. ಬಿದ್ದರೆ ಬೀಳುವುದು ನೀರಿಗಲ್ಲ, ಕಲ್ಲಿಗೆ.

ಕಚೇರಿಯ ಹೊರಗಿನ ಕಪ್ಪು ಬೋರ್ಡಿನಲ್ಲಿ ಆ ದಿನ ಸೀಮೆಸುಣ್ಣದಲ್ಲಿ ಹೀಗೆ ಬರೆದಿತ್ತು: "ಹೊರಬಂಡೆ. ಅಲೆ ತಲೆಯೆತ್ತರ, ಅದರ ಮೇಲೆ ಅರ್ಧ. ಹದಿನಾರು ಸೆಕೆಂಡಿಗೊಂದು. ಹನ್ನೊಂದು ಗಂಟೆಗೆ ಗಾಳಿ ತಿರುಗುತ್ತದೆ. ಪಳಗಿದವರಿಗೆ ಮಾತ್ರ. ಪಳಗಿದ್ದೇವೆ ಎಂದುಕೊಂಡವರಿಗೆ ಅಲ್ಲ."

ಗಂಡ: ತಲೆಯೆತ್ತರ ಅಂತ ಬೇರೆ ಬರೆದಿದೀಯ. ಯಾರ ತಲೆ?

ಹೆಂಡತಿ: ಸಾಧಾರಣ ತಲೆ.

ಗಂಡ: ಸಾಧಾರಣ ತಲೆ ಯಾರ ಹತ್ರ ಇದೆ?

ಹೆಂಡತಿ: ನಿಮ್ಮ ಹತ್ರ ಇಲ್ಲ ಅನ್ನೋದು ಗೊತ್ತು.

ಗಂಡ: ನಾನು ಎತ್ತರದ ಮಾತಾಡ್ತಿದೀನಿ!

ಹೆಂಡತಿ: ನಾನೂ ಅದನ್ನೇ ಆಡ್ತಿದೀನಿ. ನಿಮಗಿಂತ ನಾನು ನಾಲ್ಕು ಬೆರಳು ಎತ್ತರ. ಬೋರ್ಡ್ ಬರೆಯೋದು ನಾನು. ಹಾಗಾಗಿ ತಲೆ ನಂದು.

ಗಂಡ: ಹಾಗಾದ್ರೆ ನನಗೆ ಅದು ತಲೆ ಮೇಲೆ ಇನ್ನೂ ನಾಲ್ಕು ಬೆರಳು!

ಹೆಂಡತಿ: ಅದಕ್ಕೇ ಹೋಗಬೇಡಿ ಅಂತಿರೋದು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಗಂಡನ ಭುಜ ತಟ್ಟಿದರು. ನೋಡಿದರೆ ಛತ್ರಿ ರಿಪೇರಿಯವ. ಕುತ್ತಿಗೆಗೆ ಕ್ಲಿನಿಕ್ಕಿನ ಬಿಳಿ ಬಟ್ಟೆ ಇನ್ನೂ ಕಟ್ಟಿಕೊಂಡೇ ಇತ್ತು. ಎಡಗೆನ್ನೆ ಊದಿತ್ತು, ಬಾಯಿತುಂಬ ಹತ್ತಿ.

ಛತ್ರಿಯವ: ಡಾಕ್ತಲೇ, ನನ್ನ ಅಲ್ಲು.

ಹೆಂಡತಿ: ಇವರ್ಯಾರು?

ಗಂಡ: ಪೇಷಂಟು.

ಹೆಂಡತಿ: ಹಲ್ಲು ಕೀಳೋದು ಬಿಟ್ಟು ಅರ್ಧಕ್ಕೇ ಎದ್ದು ಬಂದ್ರಾ?

ಗಂಡ: ಅರ್ಧ ಅಲ್ಲ, ಶುರುನೇ ಮಾಡಿರಲಿಲ್ಲ. ಇಂಜೆಕ್ಷನ್ ಕೊಟ್ಟು ಕೂರಿಸಿದ್ದೆ. ಬಾಯಿ ಮರಗಟ್ಟೋಕೆ ಹತ್ತು ನಿಮಿಷ ಬೇಕಲ್ಲ, ಸುಮ್ಮನೆ ಯಾಕೆ ಕೂರೋದು ಅಂತ ರೇಡಿಯೋ ಹಾಕಿದೆ. ನಿನ್ನ ದನಿ ಬಂತು. "ಎಂದುಕೊಂಡವರಿಗೆ ಅಲ್ಲ" ಅಂದೆ. ಅದೂ ಹೇಗೆ, ಎಳೆದು ಎಳೆದು ಅಂದೆ! ಹಲಗೆ ಎತ್ಕೊಂಡು ಕ್ಲಿನಿಕ್ಕಿಂದ ನೇರ ಇಲ್ಲಿಗೇ ಬಂದೆ.

ಛತ್ರಿಯವ: ಆನೂ ಇಂದೇನೇ ಓಡಿ ಬಂದೆ.

ಗಂಡ: ಎರಡು ನಿಮಿಷ ಇರಿ. (ಕಿಟಕಿಯತ್ತ ತಿರುಗಿ) ತಕರಾರು ಅರ್ಜಿ ಕೊಡು.

ಹೆಂಡತಿ: ಕೊಡಿ ಅನ್ನಿ. ಕೌಂಟರಿನಲ್ಲಿ ಏಕವಚನ ನಡೆಯಲ್ಲ.

ಗಂಡ: ನಾನು ನಿನ್ನ ಗಂಡ ಕಣೇ!

ಹೆಂಡತಿ: ಅರ್ಜಿಯಲ್ಲಿ ಗಂಡ ಅನ್ನೋ ಕಾಲಂ ಇಲ್ಲ. ಮನೇಲೂ ನಾನು ನಿಮ್ಮನ್ನ ನೀವು ಅಂತೀನಿ, ಇಲ್ಲೂ ನೀವು ಅಂತೀನಿ. ತೊಂದರೆ ಇರೋದು ನಿಮ್ಮ ಕಡೆಯಿಂದ.

ಗಂಡ (ಹಲ್ಲು ಕಡಿದು): ಅರ್ಜಿ ಕೊಡಿ... ಮೇಡಂ.

ಹೆಂಡತಿ: ಟೋಕನ್ ತಗೊಳ್ಳಿ.

ಗಂಡ: ಇಲ್ಲಿರೋದೇ ಇಬ್ಬರು!

ಹೆಂಡತಿ: ಹಾಗಾದ್ರೆ ಒಂದೋ ಎರಡೋ ಬರುತ್ತೆ, ಜಾಸ್ತಿ ಕಾಯಬೇಕಾಗಿಲ್ಲ.

ಛತ್ರಿಯವ ಸರಕ್ಕನೆ ಕೈ ಚಾಚಿ ಮೊದಲ ಚೀಟಿ ಹರಿದುಕೊಂಡ. ಗಂಡನಿಗೆ ಎರಡನೆಯದು ಸಿಕ್ಕಿತು.

ಹೆಂಡತಿ: ಟೋಕನ್ ಒಂದು! ನಿಮ್ಮ ತಕರಾರು ಯಾರ ಮೇಲೆ?

ಛತ್ರಿಯವ: ಡಾಕ್ತಲ ಮೇಲೆ.

ಹೆಂಡತಿ: ಅದು ನಮ್ಮ ಇಲಾಖೆಗೆ ಬರಲ್ಲ. ಬರೋ ಹಾಗಿದ್ರೆ ನಂದೇ ಒಂದು ಕಟ್ಟು ಅರ್ಜಿ ಇದೆ. ಟೋಕನ್ ಎರಡು!

ಅರ್ಜಿ ಕಿಂಡಿಯಿಂದ ಹೊರಗೆ ಬಂತು. ಅದರ ಹಿಂದೆಯೇ ದಾರ ಕಟ್ಟಿದ ಪೆನ್ನು ಬಂತು. ದಾರ ಚಿಕ್ಕದಾದ್ದರಿಂದ ಗಂಡ ಬಗ್ಗಿ, ಕಿವಿಯನ್ನು ಸರಳಿಗೆ ಒತ್ತಿ ಬರೆಯಬೇಕಾಯಿತು.

ಗಂಡ: ವಯಸ್ಸು, ಐವತ್ತೆರಡು.

ಹೆಂಡತಿ: ಐವತ್ತನಾಲ್ಕು.

ಗಂಡ: ಅರ್ಜಿ ತುಂಬ್ತಿರೋದು ನಾನೋ ನೀ... ನೀವೋ? ಅನುಭವ, ಇಪ್ಪತ್ತೈದು ವರ್ಷ.

ಹೆಂಡತಿ: ಬಿದ್ದಿದ್ದು ಕಳೆದು ಬರೀರಿ.

ಗಂಡ: ಬೀಳೋದೂ ಅನುಭವಾನೇ.

ಹೆಂಡತಿ: ಹೌದು, ಹೋದ ವರ್ಷ ಎರಡು ಪಕ್ಕೆಲುಬು ಅನುಭವಿಸಿದ್ರಿ. ಆರು ವಾರ ನಿಮ್ಮ ಕಾಲುಚೀಲ ಹಾಕಿದ್ದು ನಾನು. ನಿಮಗೆ ಸೀನು ಬಂದ್ರೆ ಇಲ್ಲಿ ನನಗೆ ಜೀವ ಹೋಗ್ತಿತ್ತು.

ಗಂಡ ಪೆನ್ನಿನ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

ಗಂಡ: ಇಲ್ಲಿ "ಲಗತ್ತು" ಅಂತಿದೆ. ಏನು ಬರೀಲಿ?

ಹೆಂಡತಿ: ನೀವು ಪಳಗಿದವರು ಅನ್ನೋದಕ್ಕೆ ಏನಾದರೂ ಸಾಕ್ಷಿ.

ಗಂಡ: ಸಾಕ್ಷಿಗೇನು, ಇಗೋ ಗೋಡೆಗೆ ಒರಗಿಸಿದೀನಲ್ಲ, ನನ್ನ ಹಲಗೆ! ಎಷ್ಟು ಸವೆದಿದೆ ನೋಡಿ. ಬರೆದೆ: ಸರ್ಫಿಂಗ್ ಹಲಗೆ, ಒಂದು.

ಹೆಂಡತಿ ಸೀಲು ಒತ್ತಿದಳು. ಆ ಸದ್ದಿಗೆ ಛತ್ರಿಯವ ಬೆಚ್ಚಿ ಕೆನ್ನೆ ಹಿಡಿದುಕೊಂಡ.

ಗಂಡ: ಈಗ ಆ ಸಾಲು ಅಳಿಸಿ.

ಹೆಂಡತಿ: ಹಾಗೆಲ್ಲ ಅಳಿಸೋಕಾಗಲ್ಲ.

ಗಂಡ: ಆಗುತ್ತೆ. ನಿಮ್ಮ ಬೆನ್ನ ಹಿಂದೆ ಗೋಡೆ ಮೇಲೆ ನಿಯಮ ಹದಿನಾಲ್ಕು ಓದಿ. "ತಕರಾರು ಬಂದಲ್ಲಿ ಮುನ್ಸೂಚನೆ ಬರೆದ ಅಧಿಕಾರಿಯು ಅಂದೇ ಖುದ್ದಾಗಿ ಸ್ಥಳ ಪರಿಶೀಲನೆ ಮಾಡತಕ್ಕದ್ದು." ಖುದ್ದಾಗಿ! ಇಪ್ಪತ್ತೆರಡು ವರ್ಷದಿಂದ ಕುರ್ಚಿ ಮೇಲೆ ಕೂತು ಸಮುದ್ರ ಬರೀತಿದೀರಿ. ಒಂದು ಸಲ ಎದ್ದು ನೋಡಿ.

ಹೆಂಡತಿ: ಸ್ಥಳ ಅಂದ್ರೆ ಹೊರಬಂಡೆ.

ಗಂಡ: ಹೌದು.

ಹೆಂಡತಿ: ನಾನು ಹೊರಬಂಡೆಗೆ ಹೋಗಲೇಬೇಕು ಅಂತ ನಿಮ್ಮ ಒತ್ತಾಯ.

ಗಂಡ: ನನ್ನದಲ್ಲ, ನಿಯಮದ್ದು.

ಹೆಂಡತಿ ಎದ್ದು ಒಳಕೋಣೆಗೆ ಹೋದಳು. ಬಂದಾಗ ಮೈಗೆ ಅಂಟಿದ ಕಪ್ಪು ಈಜುಡುಗೆ ತೊಟ್ಟಿದ್ದಳು, ಕೂದಲನ್ನು ಎತ್ತಿ ಗಂಟು ಹಾಕಿದ್ದಳು. ಈ ದಂಡೆಯಲ್ಲಿ ಹೊರಬಂಡೆಯ ಅಲೆ ಏರಿದ ಮೊದಲ ಹೆಂಗಸು ಅವಳೇ. ಮದುವೆಯಾದ ಹೊಸತರಲ್ಲಿ ಗಂಡನಿಗೆ ಹಲಗೆಯ ಮೇಲೆ ನಿಲ್ಲುವುದನ್ನು ಕಲಿಸಿದವಳೂ ಅವಳೇ. ಈ ಸಂಗತಿಯನ್ನು ಗಂಡ ಯಾರಿಗೂ ಹೇಳಿರಲಿಲ್ಲ. ಹೇಳದೆ ಹೇಳದೆ ಅವನಿಗೇ ಮರೆತುಹೋಗಿತ್ತು.

ಗಂಡ: ಇದೇನಿದು ವೇಷ! ದುರ್ಬೀನಿನಲ್ಲಿ ನೋಡ್ತೀಯ ಅಂದುಕೊಂಡೆ!

ಹೆಂಡತಿ: ಖುದ್ದಾಗಿ ಅಂತಿದೆ. ಹಲಗೆ ಕೊಡಿ.

ಗಂಡ: ಅದು ನನ್ನ ಹಲಗೆ.

ಹೆಂಡತಿ: ಅರ್ಜಿಗೆ ಲಗತ್ತಿಸಿದೀರಿ. ಇತ್ಯರ್ಥ ಆಗೋವರೆಗೆ ಅದು ಕಚೇರಿ ಸ್ವತ್ತು.

ಗಂಡ: ಲೇ, ಹುಚ್ಚುಚ್ಚಾಗಿ ಆಡಬೇಡ. ನೀನು ಬಂಡೆ ಹತ್ರ ಹೋಗಿ ಎಷ್ಟು ವರ್ಷ ಆಯ್ತು?

ಹೆಂಡತಿ: ಮಂಗಳವಾರ ಹೋಗಿದ್ದೆ.

ಗಂಡ: ಯಾವ ಮಂಗಳವಾರ?

ಹೆಂಡತಿ: ಎಲ್ಲಾ ಮಂಗಳವಾರ. ಆವತ್ತು ನಿಮಗೆ ಸಂಜೆವರೆಗೂ ರೂಟ್ ಕೆನಾಲ್ ಇರುತ್ತಲ್ಲ.

ಗಂಡ: ಮತ್ತೆ ಕೂದಲು ಯಾಕೆ ಒದ್ದೆ ಅಂದ್ರೆ ಮಳೆ ಅಂತಿದ್ದೆ!

ಹೆಂಡತಿ: ಹವಾಮಾನ ಇಲಾಖೆಯವಳು ಮಳೆ ಅಂದ್ಮೇಲೆ ನೀವು ಕಿಟಕಿಯಿಂದ ಹೊರಗೆ ನೋಡ್ತಾನೇ ಇರಲಿಲ್ಲ. ಅಷ್ಟು ನಂಬಿಕೆ. ಇವತ್ತು ಮಾತ್ರ ಇಲ್ಲ. ಬನ್ನಿ, ಒಳಗೆ ಕೂತ್ಕೊಳ್ಳಿ. ಕೌಂಟರ್ ಖಾಲಿ ಬಿಡಬಾರದು, ಅದು ನಿಯಮ ಹದಿನೈದು. ಫೋನ್ ಬಂದ್ರೆ ಬೋರ್ಡಿನಲ್ಲಿರೋದನ್ನ ಓದಿ ಹೇಳಿ. ನಿಮ್ಮದೇನೂ ಸೇರಿಸಬೇಡಿ.

ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ಮರಳಿನ ಮೇಲೆ ನಡೆದೇಬಿಟ್ಟಳು. ಗಂಡ ಒಳಗೆ ಬಂದು ಅವಳ ಕುರ್ಚಿಯಲ್ಲಿ ಕೂತ, ಕೂರಲಾಗದೆ ಎದ್ದ, ದುರ್ಬೀನು ಕಣ್ಣಿಗೆ ಹಿಡಿದ. ಬೆಳಗ್ಗೆ ಕ್ಲಿನಿಕ್ಕಿನಿಂದ ನೋಡಿದಾಗ ಬೆಣ್ಣೆಯಂತೆ ಕಂಡಿದ್ದ ಅಲೆಗಳೇ ಈಗ ಒಂದೊಂದೂ ಗೋಡೆ ಕುಸಿದಂತೆ ಬೀಳುತ್ತಿದ್ದವು. ಫೋನ್ ಬಡಿದುಕೊಂಡಿತು.

ಫೋನಿನ ದನಿ: ಸಾರ್, ಹೊರಬಂಡೆ ಹೇಗಿದೆ?

ಗಂಡ: ಭಯಂಕರ.

ಫೋನಿನ ದನಿ: ರೇಡಿಯೋದಲ್ಲಿ ತಲೆಯೆತ್ತರ ಅಂದ್ರು?

ಗಂಡ: ತಲೆ ಕಾಣ್ತಾನೇ ಇಲ್ಲ!

ಫೋನಿನ ದನಿ: ಯಾರ ತಲೆ ಸಾರ್?

ಗಂಡ: ನಮ್ಮನೆಯವರದ್ದು! ಈಗಿನ್ನೂ ಇತ್ತು... ಅಯ್ಯೋ... ಹಾಂ, ಬಂತು, ಬಂತು. ಇದೆ.

ಫೋನಿನ ದನಿ: ಇದು ಹವಾಮಾನ ಕಚೇರಿ ತಾನೇ?

ಗಂಡ: ಯಾರಿಗ್ರೀ ಗೊತ್ತು! ಇಡಿ ಫೋನು!

ಛತ್ರಿಯವ ಕಿಂಡಿಯಿಂದ ಇಣುಕಿದ.

ಛತ್ರಿಯವ: ಡಾಕ್ತಲೇ, ಅಲ್ಲು.

ಗಂಡ: ಸುಮ್ನಿರಿ ಮಾರಾಯರೇ, ಇಲ್ಲಿ ಜೀವ ಹೋಗ್ತಿದೆ.

ಛತ್ರಿಯವ: ಯಾಲದ್ದು?

ಗಂಡ: ನಂದು!

ಮತ್ತೆ ಫೋನ್ ಬಡಿದುಕೊಂಡಿತು. ಗಂಡ ದುರ್ಬೀನಿನಿಂದ ಕಣ್ಣು ಕೀಳಲಿಲ್ಲ.

ಗಂಡ: ನೀವೇ ಎತ್ಕೊಳ್ಳಿ. ಹೋಗ್ಬೇಡಿ ಅಂತ ಹೇಳಿ, ಅಷ್ಟು ಸಾಕು.

ಛತ್ರಿಯವ ಕಿಂಡಿಯೊಳಗೆ ಕೈ ತೂರಿಸಿ ರಿಸೀವರ್ ಎಳೆದುಕೊಂಡ.

ಛತ್ರಿಯವ: ಅಲೋ. ಓಗ್ಬಿಡಿ.

ಗಂಡ: ಬೇಡಿ, ಬೇಡಿ!

ಛತ್ರಿಯವ: ಅದೇ. ಓಗ್ಬಿಡಿ, ಓಗ್ಬಿಡಿ. (ರಿಸೀವರ್ ಇಟ್ಟು) ತುಂಬಾ ಒಳ್ಳೇ ಜನ. ಥ್ಯಾಂಕ್ಸ್ ಅಂದ್ಲು. ಎಂಟು ಜನ ಇದಾಲಂತೆ, ಈಗ್ಲೇ ಓಲಡ್ತಾಲಂತೆ.

ಗಂಡ: ಅಯ್ಯಯ್ಯೋ! ನೀವು ಹೋಗ್ಬಿಡಿ ಅಂದ್ರಿ!

ಛತ್ರಿಯವ: ಎಲ್ಲಿ ಅಂದೆ? ಓಗ್ಬಿಡಿ ಅಂದೆ.

ಗಂಡ: ಅದನ್ನೇ ನಾನು ಹೇಳ್ತಿರೋದು!

ಛತ್ರಿಯವ: ಆನೂ ಅದನ್ನೇ ಏಳಿದ್ದು!

ಆ ಬಾಯನ್ನು ಮರಗಟ್ಟಿಸಿದವನು ತಾನೇ ಎಂಬುದು ನೆನಪಾಗಿ ಗಂಡನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಸೀಮೆಸುಣ್ಣ ಹಿಡಿದು ಹೊರಗೆ ಓಡಿದ. ಬೋರ್ಡನ್ನು ಅಂಗಿಯ ತೋಳಿನಿಂದ ಒರೆಸಿ, ಈ ತುದಿಯಿಂದ ಆ ತುದಿಯವರೆಗೆ ಎರಡೇ ಎರಡು ಪದ ಬರೆದ. ಅಕ್ಷರದ ಮೇಲೆ ಅಕ್ಷರ ತೀಡಿ ದಪ್ಪ ಮಾಡಿದ. ಅವನು ಒಳಗೆ ಸೇರುವ ಹೊತ್ತಿಗೆ ಒಂದು ವ್ಯಾನಿನಿಂದ ಎಂಟು ಜನ ಎಂಟು ಹಲಗೆ ಹೊತ್ತು ಇಳಿದರು. ಬೋರ್ಡ್ ಓದಿದರು. ತಮ್ಮತಮ್ಮಲ್ಲೇ ಏನೋ ಮಾತಾಡಿದರು. ಒಬ್ಬ ಕಿಟಕಿಗೆ ಬಂದು ಒಂದು ಪ್ರಶ್ನೆ ಕೇಳಿದ. ಗಂಡ ಕೊಟ್ಟ ಉತ್ತರವನ್ನು ಉಳಿದವರಿಗೆ ತಲುಪಿಸಿದ. ಎಂಟೂ ಜನ ತಲೆಯಾಡಿಸಿ ವ್ಯಾನು ಹತ್ತಿ ಹೋದರು.

ಅಷ್ಟರಲ್ಲಿ ಬಂಡೆಯ ಹತ್ತಿರ ನೀರು ಎದ್ದು ನಿಂತಿತು. ಹೆಂಡತಿ ನಾಲ್ಕು ಸಲ ಕೈ ಬೀಸಿ ನೀರು ತಳ್ಳಿದಳು, ಹಲಗೆಯ ಮೇಲೆ ಎದ್ದಳು. ಅಲೆ ಅವಳ ಮೇಲೆ ಮಗುಚಿಕೊಂಡಿತು. ದುರ್ಬೀನಿನಲ್ಲಿ ಬರೀ ನೊರೆ. ಛತ್ರಿಯವ ಸರಳು ಹಿಡಿದು ಗಟ್ಟಿಯಾಗಿ ಹಲ್ಲು ಕಚ್ಚಿಕೊಂಡ. ಎಲ್ಲೋ ಲಟಕ್ಕೆಂದಿತು.

ಛತ್ರಿಯವ: ಡಾಕ್ತಲೇ, ಬಂತು!

ಗಂಡ: ಎಲ್ಲಿ? ಎಲ್ಲಿ?

ಛತ್ರಿಯವ: ಅಲ್ಲು!

ಗಂಡ: ಅಲ್ಲಿ ಅಂದ್ರೆ ಎಲ್ಲಿ? ಎಡಕ್ಕಾ, ಬಲಕ್ಕಾ?

ಛತ್ರಿಯವ: ಎಡಕ್ಕೆ. ಇಂದಿನ ದವಡೆ.

ಅವನು ಅಂಗೈ ತೆರೆದು ತೋರಿಸಿದ. ಗಂಡ ಅತ್ತ ನೋಡಲೇ ಇಲ್ಲ. ಸುರುಳಿಯ ಆಚೆ ತುದಿಯಿಂದ ಹೆಂಡತಿ ಹೊರಬಿದ್ದಿದ್ದಳು, ಬಸ್ಸಿಗೆ ಕಾಯುವವಳ ಹಾಗೆ ನೆಟ್ಟಗೆ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು. ಗಂಡ ಕುರ್ಚಿಯಲ್ಲಿ ಕುಸಿದು ಕೂತು, ಮೇಜಿನ ಮೇಲಿದ್ದ ಅವಳ ನೀರಿನ ಬಾಟಲಿಯನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ. ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಛತ್ರಿಯವ ಖುಷಿಯಿಂದ ಹೊರಟುಹೋದ.

ಹೆಂಡತಿ ನೀರು ತೊಟ್ಟಿಕ್ಕಿಸುತ್ತ ಬಂದು ಕಿಟಕಿಯ ಹೊರಗೆ ನಿಂತಳು. ಕೆನ್ನೆ ಕೆಂಪಾಗಿತ್ತು.

ಹೆಂಡತಿ: ಸ್ಥಳ ಪರಿಶೀಲನೆ ಮುಗೀತು. ನಿಮ್ಮ ತಕರಾರು ಒಪ್ಪಿದೀನಿ. ಚಿನ್ನದಂಥ ಅಲೆ. ಗಾಳಿ ತಿರುಗಿ ಅಲೆ ಕೆಡೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ತಗೊಳ್ಳಿ ಹಲಗೆ, ಹೋಗಿ ಬನ್ನಿ.

ಗಂಡ: ನಾನು ಹೋಗಲ್ಲ.

ಹೆಂಡತಿ: ಇಷ್ಟು ರಂಪ ಮಾಡಿ ಈಗ ಹೋಗಲ್ಲ ಅಂದ್ರೆ?

ಗಂಡ: ಹೋಗೋ ಹಾಗಿಲ್ಲ. ಬೋರ್ಡ್ ನೋಡಿ.

ಹೆಂಡತಿ ಕಣ್ಣಿನ ಉಪ್ಪುನೀರು ಒರೆಸಿಕೊಂಡು ಬೋರ್ಡಿನತ್ತ ತಿರುಗಿದಳು. "ಸಮುದ್ರ ಮುಚ್ಚಿದೆ" ಎಂದು ಬರೆದಿತ್ತು.

ಹೆಂಡತಿ: ಅಲ್ರೀ, ಸಮುದ್ರ ಹೇಗ್ರೀ ಮುಚ್ಚುತ್ತೆ?

ಗಂಡ: ನನಗೇನು ಗೊತ್ತು? ಆ ಎಂಟು ಜನ ಅದನ್ನ ಕೇಳಲೇ ಇಲ್ಲ. ಮತ್ತೆ ಯಾವಾಗ ತೆಗೀತಾರೆ ಅಂತ ಮಾತ್ರ ಕೇಳಿದ್ರು.

ಹೆಂಡತಿ: ನೀವೇನಂದ್ರಿ?

ಗಂಡ: ನಮ್ಮನೆಯವರು ಒಳಗಿದಾರೆ, ಅವರು ಹೊರಗೆ ಬಂದ ಮೇಲೆ ಅಂದೆ.