ಹಸರ ಸೀರಿ, ಕೆಂಪ ಕಣ್ಣ

ಗಿರಿಜವ್ವ: ನಿನ್ನೆ ಏನಂದಿ? 'ಕ್ಯಾಸೆಟ್ ಬರೋಬರಿ ಐತಿ, ನಿಮ್ಮ ಟಿವಿನ ಕೆಟ್ಟೈತಿ' ಅಂದಿಲ್ಲ? ತಗೋ, ಟಿವಿನ ತಂದೇನಿ. ಈಗ ಅದರ ಮುಂದ ಹೇಳು ಆ ಮಾತು!

(ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದೆ ಉತ್ತಮನ ವಿಡಿಯೋ ಅಂಗಡಿ. ಮದುವೆಗಳ ಶೂಟಿಂಗ್ ಮಾಡಿ, ಹಾಡು ಸೇರಿಸಿ, ಕ್ಯಾಸೆಟ್ ಮಾಡಿಕೊಡುವುದು ಅವನ ಕಸುಬು. ದಿಗ್ಗೇವಾಡಿಯಿಂದ ಟೆಂಪೋ ಹತ್ತಿ ಬಂದ ಗಿರಿಜವ್ವ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹಿಂದೆ ಅವಳ ಗಂಡ ವಿರುಪಾಕ್ಷಪ್ಪ, ಕೌದಿಯಲ್ಲಿ ಸುತ್ತಿದ ಟಿವಿಯನ್ನು ಕೂಸಿನಂತೆ ಎದೆಗವಚಿಕೊಂಡು ಏದುಸಿರು ಬಿಡುತ್ತಿದ್ದ.)

ವಿರುಪಾಕ್ಷಪ್ಪ: ಮದಲ ಇದನ್ನ ಇಳಸಾಕ ಜಾಗಾ ತೋರ್ಸೋ ತಮ್ಮಾ. ಜಗಳ ಆಮ್ಯಾಲ ಮಾಡ್ರಿ.

ಉತ್ತಮ: ಅಯ್ಯ, ಯಾಕ ಹೊತಗೊಂಡ ಬಂದ್ರಿ ಕಾಕಾ? ನಾನ ಬಂದ ನೋಡ್ತಿದ್ನಲ್ಲ.

ಗಿರಿಜವ್ವ: ನೀ ಬರೂದ್ರಾಗ ನಮ್ಮಣ್ಣ ಬಂದ ಹೋಗಿರ್ತಾನ. ನಾಳೆ ಐಗಳಿಯಿಂದ ಮುರಗೆಪ್ಪಣ್ಣ ಕ್ಯಾಸೆಟ್ ನೋಡಾಕ ಬರಾಂವ ಅದಾನ. ನನ್ನ ಮಗಳು ಶಾಲನಳ ಲಗ್ನಕ್ಕ ಸೋದರಮಾವ ಅಂತ ಅಂವಾ ತಂದದ್ದು ಗಿಳಿ ಹಸರ ಸೀರಿ. ನಿನ್ನ ಕ್ಯಾಸೆಟ್ನಾಗ ಅದು ಸಗಣಿ ಬಣ್ಣ ಆಗೇತಿ!

ಉತ್ತಮ: ಕಾಕೂ, ನನ್ನ ಟಿವ್ಯಾಗ ಹಸರ...

ಗಿರಿಜವ್ವ: ನಮ್ಮ ನಾದಿನಿ ತುಳಸವ್ವ ಓಣಿ ಮಂದೀನೆಲ್ಲಾ ಕುಂದ್ರಿಸಿಕೊಂಡು ನೋಡಿ ಏನಂದ್ಲು ಗೊತ್ತನ? 'ವೈನಿ ತವರಮನಿಯಾವ್ರು ದ್ರಾಕ್ಷಿ ಬೆಳೀತಾರಂತ, ಸೀರಿ ಮಾತ್ರ ಒಣದ್ರಾಕ್ಷಿ ಬಣ್ಣದ್ದು ತಂದಾರ' ಅಂದ್ಲು!

ವಿರುಪಾಕ್ಷಪ್ಪ: ಅಕಿ ನಗಸಾಕ ಚಾಷ್ಟಿಗೆ ಅಂದಾಳ...

ಗಿರಿಜವ್ವ: ನಿಮ್ಮ ತಂಗಿ ಮಾಡಿದ್ರ ಚಾಷ್ಟಿ, ನಾ ಮಾಡಿದ್ರ ಜಗಳ! ಶಾಲನಳ ಸೀರಿ ಅಲಖನೂರಾಗ ಅಕಿ ಗಂಡನ ಮನ್ಯಾಗ ಐತಿ. ಅಣ್ಣ ನನಗೂ ಅಂಥಾದ್ದ ತಂದಿದ್ದ, ಇದ ನೋಡು, ಉಟಗೊಂಡ ಬಂದೇನಿ. ಇದನ್ನ ತೋರ್ಸಿದ್ರ 'ತಂಗಿಗೆ ಚಲೋದು, ಸೊಸಿಗೆ ಕೆಟ್ಟದ್ದು' ಅಂತಾಳ ತುಳಸವ್ವ.

(ಉತ್ತಮ ತನ್ನ ಟಿವಿಯ ಪಕ್ಕದಲ್ಲೇ ಅವರ ಟಿವಿಯನ್ನೂ ಇಟ್ಟು, ಎರಡಕ್ಕೂ ವೈರು ಜೋಡಿಸಿ ಕ್ಯಾಸೆಟ್ ಹಾಕಿದ. ಅಕ್ಷತೆಯ ದೃಶ್ಯ ಬಂತು. ಅವನ ಟಿವಿಯಲ್ಲಿ ಶಾಲನ ಹಸಿರು ಸೀರೆಯಲ್ಲಿ ನಿಂತಿದ್ದಳು, ಇವರ ಟಿವಿಯಲ್ಲಿ ಅದೇ ಶಾಲನ ಕಂದು ಸೀರೆಯಲ್ಲಿ.)

ಉತ್ತಮ: ನೋಡ್ರಿ ಕಾಕೂ! ನಂದರಾಗ ಹಸರ. ಕೆಟ್ಟದ್ದು ಯಾವುದು?

ಗಿರಿಜವ್ವ: ನಿಂದು! ನಮ್ಮ ಟಿವ್ಯಾಗ ಬಾತಮಿ ಹೇಳೂ ಹೆಣ್ಣಮಗಳು ಲಕ್ಷಣ ಕಾಣ್ತಾಳ. ನಿನ್ನ ಕ್ಯಾಸೆಟ್ ಹಾಕಿದ್ರ ಬೀಗರೆಲ್ಲಾ ಟಮಾಟಿ ಹಣ್ಣಿನಂಗ ಕಾಣ್ತಾರ.

ಉತ್ತಮ: ಬೀಗರು ಲಗ್ನದ ಗದ್ದಲದಾಗ ಕೆಂಪಗ ಆಗಿರಬೇಕು.

ಗಿರಿಜವ್ವ: ಹೋರಿನೂ ಆಗಿತ್ತನ? ಹಂದರದ ಬಾಜೂಕ ಕಟ್ಟಿದ್ದ ನಮ್ಮ ಬಿಳೇ ಹೋರಿ ಗುಲಾಬಿ ಆಗೇತಲ್ಲೋ!

ವಿರುಪಾಕ್ಷಪ್ಪ: ಇರ್ಲಿ ಬಿಡ ಗಿರಿಜಾ, ಕ್ಯಾಸೆಟ್ ಚಲೋನ ಐತಿ. ಹೋರಿ ಏನ್ ತಕರಾರ ಮಾಡಿಲ್ಲ.

(ಗಿರಿಜವ್ವ ಗಂಡನ ಮಾತಿಗೆ ಕಿವಿಗೊಡಲಿಲ್ಲ. ಮೂಲೆಯಲ್ಲಿದ್ದ ಕ್ಯಾಮೆರಾ ಅವಳ ಕಣ್ಣಿಗೆ ಬಿತ್ತು.)

ಗಿರಿಜವ್ವ: ಆ ಕ್ಯಾಮೆರಾ ನನ್ನ ಕಡೆ ಹಿಡಿ. ಸೀರಿ ಮೈಮ್ಯಾಲ ಐತಿ, ಕಣ್ಮುಂದ ಐತಿ. ಯಾವ ಟಿವಿ ಸುಳ್ಳ ಹೇಳ್ತೈತಿ ನೋಡೂಣ.

(ಉತ್ತಮ ಕ್ಯಾಮೆರಾದ ವೈರನ್ನು ನೇರ ಎರಡೂ ಟಿವಿಗೆ ಕೊಟ್ಟ. ಗಿರಿಜವ್ವ ಸೆರಗು ಹೊದ್ದು ಎದುರಿಗೆ ನಿಂತಳು. ಅವಳ ಟಿವಿಯಲ್ಲಿ ಸೀರೆ ಇದ್ದ ಹಾಗೇ ಗಿಳಿ ಹಸಿರು. ಉತ್ತಮನ ಟಿವಿಯಲ್ಲಿ ಅದು ನೀಲಿಗೆ ತಿರುಗಿತ್ತು. ಅವಳ ಹಣೆಯ ಕುಂಕುಮ ಕಂಡೂ ಕಾಣದಂತಿತ್ತು.)

ಗಿರಿಜವ್ವ: ಅಯ್ಯ ಶಿವನ! ಗಂಡ ಬಾಜೂಕ ನಿಂತಿರೂವಾಗನ ನನ್ನ ಕುಂಕುಮ ಅಳಿಸಿತಲ್ಲೋ ನಿನ್ನ ಟಿವಿ!

ವಿರುಪಾಕ್ಷಪ್ಪ: ನಾ ಗಟ್ಟಿ ಅದೇನಿ, ಅಂಜಬ್ಯಾಡ.

(ಉತ್ತಮ ತನ್ನ ಟಿವಿಯ ತಲೆ ತಟ್ಟಿದ. ಬೆನ್ನು ತಟ್ಟಿದ. ಕೊನೆಗೆ ಸ್ಟೂಲಿನ ಮೇಲೆ ಕುಸಿದು ಕೂತ.)

ಉತ್ತಮ: ತಪ್ಪ ನಂದ ಕಾಕೂ. ಇದರ ಪಿಕ್ಚರ್ ಟ್ಯೂಬಿನಾಗ ಕೆಂಪ ಹೋಗೇತಿ. ನಾ ಇದನ್ನ ನೋಡಿಕೋಂತ 'ಮುಖ ಬಿಳಚಿಕೊಂಡಾವು' ಅಂತ ಕ್ಯಾಸೆಟ್ಟಿಗೆ ಕೆಂಪ ಏರಿಸೇನಿ. ದಿನಾ ನೋಡೂ ಮುಖ ಬಡವ ಆದದ್ದು ಗೊತ್ತಾಗೂದಿಲ್ಲ ನೋಡ್ರಿ.

ಗಿರಿಜವ್ವ: ಅಂದ್ರ ಜಡ್ಡ ನಿನ್ನ ಟಿವಿಗೆ, ಔಷಧ ಕುಡಿಸಿದ್ದು ನಮ್ಮ ಬೀಗರಿಗೆ!

ಉತ್ತಮ: ಮೂಲ ಕ್ಯಾಸೆಟ್ ಐತಿ. ನಿಮ್ಮ ಟಿವಿ ನೋಡಿಕೋಂತ ಹೊಸಾದು ಮಾಡ್ತೇನಿ. ಚಹಾ ಕುಡೀರಿ, ಸ್ವಲ್ಪ ಮಾಡಿ ತೋರಿಸ್ತೇನಿ.

(ಚಹಾ ಮುಗಿಯುವ ಹೊತ್ತಿಗೆ ಅಕ್ಷತೆಯ ದೃಶ್ಯ ತಯಾರಾಯಿತು. ಸೀರೆ ಹಸಿರು, ಅಂಚು ಕೆಂಪು, ಹೋರಿ ಹಾಲಿನಂತೆ ಬಿಳಿ. ಗಿರಿಜವ್ವ ಎರಡೂ ಕೈಯಿಂದ ಟಿವಿಯ ದೃಷ್ಟಿ ತೆಗೆದು ಲಟಿಕೆ ಮುರಿದಳು.)

ಗಿರಿಜವ್ವ: ಬರ್ಲಿ ಈಗ ತುಳಸವ್ವ. ಬರ್ಲಿ ನಮ್ಮಣ್ಣ!

ವಿರುಪಾಕ್ಷಪ್ಪ: ಆತಲ್ಲ? ಇಷ್ಟ ಸಾಕ ಉತ್ತಮಾ. ಮುಂದಿಂದೆಲ್ಲಾ ಹಳೇದ ಇರ್ಲಿ. ನಡಿ ಗಿರಿಜಾ, ಟೆಂಪೋ ತಪ್ಪತೈತಿ.

ಗಿರಿಜವ್ವ: ಯಾಕ ಅವಸರ? ಮಗಳ್ನ ಕಳಸೂದು ನೋಡೂಣು. ನೀವು ಅತ್ತದ್ದು ಅದ್ರಾಗ ಐತಿ.

ವಿರುಪಾಕ್ಷಪ್ಪ: ನೋಡಿದ್ದನ್ನ ಏನ್ ನೋಡೂದು!

ಗಿರಿಜವ್ವ: ಉತ್ತಮಾ, ನಿನ್ನ ಕ್ಯಾಸೆಟ್ ನೋಡಿದಾಗಿಂದ ಊರೆಲ್ಲಾ ಅದ ಮಾತೋ. 'ವಿರುಪಾಕ್ಷಪ್ಪ ಕಲ್ಲ ಅಂದಿದ್ವಿ, ಮಗಳ್ನ ಕಳಸೂವಾಗ ಕಣ್ಣ ಕೆಂಡ ಆಗಿದ್ದು' ಅಂತ ಹೆಣ್ಣಮಕ್ಕಳು ಸೆರಗಿಲೆ ಕಣ್ಣ ಒರಸ್ಕೊಂಡ್ರು. ಹಾಕು, ಹಾಕು.

(ಉತ್ತಮ ಕೆಂಪು ಏರಿಸದ ಮೂಲ ಕ್ಯಾಸೆಟ್ಟನ್ನು ಮುಂದೆ ಓಡಿಸಿದ. ಶಾಲನ ಜೀಪು ಹತ್ತುತ್ತಿದ್ದಳು. ಪಕ್ಕದಲ್ಲಿ ವಿರುಪಾಕ್ಷಪ್ಪ. ಅವನ ಕಣ್ಣುಗಳು ಕೊಬ್ಬರಿಯ ಹೋಳಿನಂತೆ ಬೆಳ್ಳಗಿದ್ದವು.)

ಗಿರಿಜವ್ವ: ನೀವು... ಅಳಲೇ ಇಲ್ಲನ?

ವಿರುಪಾಕ್ಷಪ್ಪ: ಹಂಡೆ ಜೀಪಿನ ಮ್ಯಾಲ ಬಿಗಿಯಾಗಿ ಕಟ್ಯಾರೋ ಇಲ್ಲೋ ನೋಡಾಕತ್ತಿದ್ನಿ.

ಗಿರಿಜವ್ವ: ಮತ್ತ ಎಲ್ಲಾರೂ ಹೊಗಳೂವಾಗ ಸುಮ್ಮನ ಕುಂತ್ರಿ!

ವಿರುಪಾಕ್ಷಪ್ಪ: ಹುಟ್ಟಿದಾಗಿಂದ ಒಮ್ಮೆ ಹೊಗಳ್ಯಾರ, ಬ್ಯಾಡಂದ್ರ ಹೆಂಗ? ಮತ್ತ ನಿನ್ನ ಕಣ್ಣ ನೋಡ್ಕೊ ಮದಲ. ಉತ್ತಮಾ, ನಿಲ್ಲಸಲ್ಲೇ!

(ಚಿತ್ರ ನಿಂತಿತು. ಮಗಳನ್ನು ತಬ್ಬಿ ಬಾಯಿ ತೆರೆದು ಗೋಳಾಡುತ್ತಿದ್ದ ಗಿರಿಜವ್ವನ ಕಣ್ಣಲ್ಲಿಯೂ ಹನಿ ನೀರಿರಲಿಲ್ಲ.)

ಗಿರಿಜವ್ವ: ಅವತ್ತ ಅಳಾಕ ಪುರಸೊತ್ತ ಎಲ್ಲಿತ್ತು? ಬೀಗರು ಉಂಡ್ರೋ ಇಲ್ಲೋ, ಹೋಳಗಿ ಸಾಲ್ತಾವೋ ಇಲ್ಲೋ. ಅಳದಿದ್ರ ಮಂದಿ ಏನಂತಾರಂತ ಬಾಯಿ ಮಾಡಿದ್ನಿ. ಮರದಿವಸ ಮುಂಜಾನೆ ಒಲಿ ಮುಂದ ಕುಂತು, 'ಶಾಲನಾ, ಚಹಾದ ಕಪ್ಪ ತಾರವ್ವಾ' ಅಂತ ಕರದ್ನಿ ನೋಡು... ಆವಾಗ ಬಂತು.

ವಿರುಪಾಕ್ಷಪ್ಪ: ಗೊತ್ತೈತಿ. ನಾ ಕೊಟಗ್ಯಾಗ ಹಾಲ ಹಿಂಡಾಕತ್ತಿದ್ನಿ. ನೀ ಕರದದ್ದು ಕೇಳಿ ನಾನೂ ಹೋರಿ ಹಿಂದ ಹೋಗಿ ಮುಖಾ ಮುಚಿಗೊಂಡ ನಿಂತ್ನಿ.

ಗಿರಿಜವ್ವ: ಅದಕ್ಕನ ಅವತ್ತ ಹಾಲ ಕಡಿಮಿ ಬಂದಿತ್ತು?

ವಿರುಪಾಕ್ಷಪ್ಪ: ಎಮ್ಮಿ ಒದ್ದು ಚೆಲ್ಲಿತು. ನಾ ನೋಡ್ಲಿಲ್ಲ.

(ಉತ್ತಮ ಇನ್ನೊಂದು ಸುತ್ತು ಚಹಾ ತರಿಸಿದ. ಇಬ್ಬರೂ ಟಿವಿಯ ಕಡೆ ನೋಡದೆ ಕುಡಿದರು.)

ಉತ್ತಮ: ಈ ತುಕಡಾ ಏನ್ ಮಾಡ್ಲಿ ಕಾಕಾ? ಬಣ್ಣ ಬರೋಬರಿ ಮಾಡ್ಲ್ಯೋ?

ವಿರುಪಾಕ್ಷಪ್ಪ: ಹಳೇದ ಇರ್ಲಿ. ಸುಳ್ಳೇನಲ್ಲ ಅದು. ಒಂದ ದಿವಸ ಮದಲ ತೋರಿಸೈತಿ, ಅಷ್ಟ.

ಉತ್ತಮ: ಆದ್ರ ಕಾಕೂ, ಕೆಂಪ ಏರಿಸಿದ್ರ ಶಾಲನಳ ಸೀರಿ ಮತ್ತ ಸಗಣಿ ಬಣ್ಣ ಆಕ್ಕೈತಿ. ನಾಳೆ ನಿಮ್ಮಣ್ಣಾರು ನೋಡಿದ್ರ...

ಗಿರಿಜವ್ವ: ಹೋಗೋ ಹುಚ್ಚಾ! ಹೆಣ್ಣಮಗಳ್ನ ಕಳಸೂ ಹೊತ್ತಿನ್ಯಾಗ ಸೀರಿ ಯಾರ ನೋಡ್ತಾರ?