ಮಾಮಾ ಬ್ಲಾಕ್ ಮಾಡಿದ ಗೆಳೆಯ

ನನ್ನ ಸೋದರಮಾವನಿಗೆ ಇಂಟರ್‌ನೆಟ್ಟಿನ ಶಬ್ದಗಳೆಲ್ಲ ಬರುತ್ತವೆ. ಅರ್ಥ ಮಾತ್ರ ಅವನದೇ! ಹುಪರಿಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆ ಮಾಡುವ ಮನುಷ್ಯ. ಕೊಂಡಿಗೆ ಕೊಂಡಿ ಬೆಸೆಯುತ್ತ ಕೂತಲ್ಲೇ ಕನಸಿಗೆ ಜಾರುತ್ತಾನೆ. ಚಹಾ ಆರಿ ಕೆನೆಗಟ್ಟಿದ್ದೂ ತಿಳಿಯುವುದಿಲ್ಲ. ಇಂಥವನ ಕೈಗೆ ಮೊಬೈಲು ಬಂದರೆ ಏನಾದೀತು ಹೇಳಿ?

ಒಮ್ಮೆ ಅವನ ಗೆಜ್ಜೆಯ ವಿಡಿಯೊ ಸುತ್ತಲಿನ ಊರೆಲ್ಲ ಓಡಾಡಿತು. "ಮಾಮಾ, ನೀ ವೈರಲ್ ಆಗೀದಿ!" ಎಂದು ನಾನು ಕುಣಿದಾಡಿದೆ. ಮಾಮಾ ಹಣೆ ಮುಟ್ಟಿ ನೋಡಿಕೊಂಡ. "ಮೈ ತಣ್ಣಗ ಐತಲ್ಲವಾ?" ಅಂದ. ಆದರೂ ಅಂದು ರೊಟ್ಟಿ ಬಿಟ್ಟು ಗಂಜಿ ಕುಡಿದ!

ಆಮೇಲೆ ಬಂತು ಕ್ಲೌಡು. "ಫೋಟೊ ಎಲ್ಲಾ ಕ್ಲೌಡ್‌ನಾಗ ಅದಾವ, ಎಲ್ಲೂ ಹೋಗಂಗಿಲ್ಲ," ಎಂದೆ. ಕ್ಲೌಡ್ ಅಂದರೆ ಮೋಡವೆಂದು ಅವನಿಗೆ ಗೊತ್ತಿತ್ತು, ಅದೇ ಎಡವಟ್ಟಾಯಿತು. ಪಂಚಗಂಗೆಯ ಕಡೆಯಿಂದ ತೇಲಿ ಬರುವ ಮೋಡಗಳನ್ನು ಅಂಗಳದಲ್ಲಿ ನಿಂತು ನೋಡುತ್ತ, "ಆ ಬೆಳ್ಳಗಿಂದರಾಗ ನಮ್ಮ ಲಗ್ನದ ಫೋಟೊ ಇದ್ದೀತು," ಎನ್ನುತ್ತಿದ್ದ.

"ಮಳಿ ಆದ್ರ ನಾ ತೊಯ್ತೀನೇನ್ರೀ?" ಎಂದು ಮಾಮಿ ಒಳಗಿನಿಂದ ಕೂಗುತ್ತಿದ್ದಳು.

ನಾವು ನಗುವುದು ನಿಂತದ್ದು ಉದಗಾಂವದ ಗೆಳೆಯನ ವಿಷಯದಲ್ಲಿ. ಕೊಲ್ಲಾಪುರದಲ್ಲಿ ಮಾಮಾನ ಜೊತೆ ಓದಿದವನು, ಈಗ ಕಬ್ಬು ಬೆಳೆಯುತ್ತಾನೆ. ದಿನಾ ಮುಂಜಾನೆ ಹೂವಿನ ಚಿತ್ರ ಕಳಿಸುತ್ತಿದ್ದ. ಒಂದು ದಿನ ಚಿತ್ರ ಬರಲಿಲ್ಲ. ತಿಂಗಳಾಯಿತು. ಮಾಮಾ ಫೋನ್ ಮಾಡಿದರೆ ಆತ ಕಟ್ ಮಾಡಿದ. "ಯಾಕ ಸಿಟ್ಟಾದ್ನೋ?" ಎಂದು ಕೊರಗಿದ ಮಾಮಾ, ಕೊನೆಗೆ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ.

ಗೆಳೆಯ ಪಡಸಾಲೆಯ ಹೊರಸಿನ ನಟ್ಟನಡುವೆ ಕೂತಿದ್ದ. ನಮ್ಮನ್ನು ಕಂಡು ಮುಖ ತಿರುಗಿಸಿದ.

"ಬ್ಲಾಕ್ ಮಾಡಿದಾವಗ ನಮ್ಮನಿ ಹಾದಿ ಯಾಕ ಬೇಕಾತು? ನಮ್ಮನಿ ಸೊಸಿ ಫೋನ್ ನೋಡಿ ಹೇಳ್ಯಾಳ ನನಗ."

"ಹೌದೋ, ಮಾಡೀನಿ," ಎಂದ ಮಾಮಾ, ಹೆಮ್ಮೆಯಿಂದ!

ನಾನು ಹಣೆ ಚಚ್ಚಿಕೊಂಡೆ. "ಮಾಮಾ, ಬ್ಲಾಕ್ ಅಂದ್ರ ನೀ ಬರಬ್ಯಾಡಂತ ಬಾಗಲಾ ಹಾಕಿದಂಗ!"

ಮಾಮಾನ ಮುಖ ಬಿಳಿಚಿತು. ಗೆಳೆಯನ ಎದುರು ನಿಂತು ತಡವರಿಸಿದ. "ಟಾಕೀಸ್‌ನ್ಯಾಗ ನೀ ನನಗಂತ ಟಾವೆಲ್ ಹಾಕಿ ಖುರ್ಚಿ ಬ್ಲಾಕ್ ಮಾಡಿ ಇಡ್ತಿದ್ದಿಲ್ಲೇನೋ? ಈ ಫೋನಿನ್ಯಾಗ ಭಾಳ ಮಂದಿ ತುಂಬ್ಯಾರ. ನಿನ್ನ ಹೆಸರಿನ ಕೆಳಗ ಬ್ಲಾಕ್ ಅಂತ ಕಂಡಿತು. ನಿನ್ನ ಜಾಗಾ ಮತ್ಯಾರೂ ಹಿಡೀಬಾರದಂತ ಒತ್ತಿದೆ."

ಹೊರಗೆ ಕಬ್ಬಿನ ಗರಿಗಳು ಗಾಳಿಗೆ ಸರಸರ ಅನ್ನುತ್ತಿದ್ದವು. ನಾನು ಮೊಬೈಲು ಇಸಿದುಕೊಂಡು ಬ್ಲಾಕ್ ತೆಗೆಯಲು ಹೊರಟೆ.

ಗೆಳೆಯ ಹೊರಸಿನ ತುದಿಗೆ ಸರಿದು ಮಾಮಾನ ಕೈ ಹಿಡಿದು ಕೂರಿಸಿಕೊಂಡ. ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ನೋಡಿದ.

"ತಗೀಬ್ಯಾಡವಾ, ಇರ್ಲಿ. ಅದು ನನ್ನ ಜಾಗಾ."