ಪಕ್ಕದಲ್ಲೇ ಇದ್ದ ನೈರೋಬಿಗೆ ನನ್ನ ದಂಡಯಾತ್ರೆ

ಷಡ್ಡಕನ ಕಾರಿನಲ್ಲಿ ಕೂರುವುದಕ್ಕಿಂತ ಕತ್ತೆಗಾಡಿ ಮೇಲು ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಸಿದ್ಧಾಂತ ಮಾಡುವ ಕೆಲಸ ನನ್ನದು. ಅನುಭವಿಸುವುದನ್ನು ನನ್ನ ಹೆಂಡತಿ ಕಾರ್ವಿತಾಗೆ ಬಿಟ್ಟಿದ್ದೇನೆ.

ಷಡ್ಡಕ ಮುಗಾಂಬಿ ನೈರೋಬಿಯ ಬುರುಬುರು ಬಡಾವಣೆಯಲ್ಲಿದ್ದಾನೆ. ಮಗಳ ಮದುವೆಗೆ ಕರೆಯುವಾಗಲೇ, "ನಮ್ಮನೇಲೇ ಇಳ್ಕೊಳ್ಳಿ ಮೇಷ್ಟ್ರೇ, ಬಸ್ ಸ್ಟ್ಯಾಂಡಿಗೆ ಕಾರ್ ಕಳಿಸ್ತೀನಿ" ಅಂದಿದ್ದ. ಆ 'ಕಾರ್' ಎನ್ನುವಾಗ ಅವನ ದನಿ ಸ್ವಲ್ಪ ಉದ್ದವಾಗುತ್ತದೆ. ಮೇರು ಪಟ್ಟಣದ ನಿವೃತ್ತ ಗಣಿತದ ಮೇಷ್ಟ್ರಿಗೂ ಮಾನವೊಂದಿದೆಯಲ್ಲ. ನಗರದ ಹೊರಗೆ, ರುಯಿರು ಕಡೆಯ ಹೋಟೆಲೊಂದರಲ್ಲಿ ಕೋಣೆ ಹಿಡಿದೆ. "ನೈರೋಬಿ ಇಲ್ಲೇ ಪಕ್ಕದಲ್ಲಿ ಸಾರ್" ಎಂದ ಮ್ಯಾನೇಜರು. (ನಮ್ಮ ದೇಶದಲ್ಲಿ 'ಇಲ್ಲೇ ಪಕ್ಕದಲ್ಲಿ' ಎಂದರೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ ಎಂದರ್ಥ. ಗೊತ್ತಿದ್ದೂ ನಂಬಿದೆ.)

ಕಾರ್ವಿತಾಗೆ ಈ ಮದುವೆ ಬರೀ ಮದುವೆಯಲ್ಲ, ಪಟ್ಟಾಭಿಷೇಕ. ಮದುವೆಯ ಬೆಳಗ್ಗೆ ಗಂಡಿನ ಕಡೆಯವರು ಹುಡುಗಿಯನ್ನು ಕರೆದೊಯ್ಯಲು ಬಂದಾಗ ಹೆಣ್ಣಿನ ಕಡೆಯ ಹೆಂಗಸರು ಗೇಟಿಗೆ ಬೀಗ ಜಡಿದು ಒಳಗಿನಿಂದ ಹಾಡಿನಲ್ಲೇ ಮೂದಲಿಸಬೇಕು. ಹೊರಗಿನವರು ಹಾಡಿ, ಕುಣಿದು, ಬೇಡಿಕೊಂಡ ಮೇಲೆ ಬೀಗ ತೆಗೆಯಬೇಕು. ಹುಡುಗಿಯ ದೊಡ್ಡಮ್ಮನಾದ್ದರಿಂದ ಆ ಗೇಟಿನ ಸೇನಾಧಿಪತ್ಯ ನನ್ನವಳದು. ಎರಡು ತಿಂಗಳಿಂದ ಹಾಲು ಕರೆಯುವಾಗಲೂ ಹಸುವನ್ನು ಹಾಡಿನಲ್ಲೇ ಬೈದು ಅಭ್ಯಾಸ ಮಾಡಿದ್ದಳು.

ಬೆಳಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುವಾಗಲೇ ತಂಗಿಯ ಫೋನು. ಮಾತಾಡಿ ಕಾರ್ವಿತಾ ನನ್ನತ್ತ ತಿರುಗಿದಳು. (ನಮ್ಮ ಮಗಳು ಕೆಂಡಿ ಹುಟ್ಟಿದಂದಿನಿಂದ ನನ್ನವಳ ಬಾಯಲ್ಲಿ ನಾನು 'ಕೆಂಡಿ ಅಪ್ಪ'.)

"ಕೆಂಡಿ ಅಪ್ಪ, ಕಾರ್ ಕಳಿಸ್ಲಾ ಅಂತಿದಾರೆ."

"ಬೇಡ ಅನ್ನು. ಆಗಲೇ ದಾರೀಲಿದೀವಿ ಅನ್ನು."

"ನಿಮ್ ಬಾಯಲ್ಲಿ ಇನ್ನೂ ಬ್ರೆಡ್ ಇದೆ."

"ಬ್ರೆಡ್ಡೂ ದಾರೀಲೇ ಇದೆ."

ರಸ್ತೆಗೆ ಬಂದರೆ ಎರಡು ಮಟಾಟು ವ್ಯಾನುಗಳು ನಿಂತಿದ್ದವು. ಒಂದು ಅರ್ಧ ಖಾಲಿ, ಇನ್ನೊಂದು ಬಹುತೇಕ ಭರ್ತಿ. ಮಟಾಟು ತುಂಬದೆ ಹೊರಡುವುದಿಲ್ಲ. ತುಂಬಿದಂತೆ ಕಾಣಲಿ ಎಂದು ಕಂಡಕ್ಟರುಗಳು ಬಾಡಿಗೆ ಪ್ರಯಾಣಿಕರನ್ನು ಕೂರಿಸುವುದೂ ಉಂಟು. ನಿಜವಾದವರು ಬಂದಂತೆ ಇವರು ಮೆಲ್ಲಗೆ ಇಳಿದುಹೋಗುತ್ತಾರೆ. ಇಂಥವರನ್ನು ಮುಖ ನೋಡಿ ಹಿಡಿಯುವುದರಲ್ಲಿ ನಾನು ನಿಸ್ಸೀಮ ಎಂದು ಮೇರುವಿನಲ್ಲಿ ಪ್ರಸಿದ್ಧಿ. (ಹಬ್ಬಿಸಿದವನು ನಾನೇ.)

"ಆ ಖಾಲಿದು ಹತ್ತೋಣ, ಡ್ರೈವರ್ ಕೂತಿದಾನೆ, ಇಂಜಿನ್ನೂ ಗುರ್ ಅಂತಿದೆ" ಎಂದಳು ಕಾರ್ವಿತಾ.

"ಇಂಜಿನ್ ನೋಡ್ಬಾರ್ದು, ಜನ ನೋಡ್ಬೇಕು. ಇದ್ರಲ್ಲಿ ನೋಡು, ಕೂಸು ಹೊತ್ಕೊಂಡಿರೋಳು. ಕೂಸನ್ನ ಬಾಡಿಗೆಗೆ ಕೂರಿಸ್ತಾರಾ ಯಾರಾದ್ರೂ?"

ಹತ್ತಿದೆವು. ಇಬ್ಬರು ಬಂದರು, ಟೈ ಕಟ್ಟಿದ್ದವನೂ ಅವನ ಪಕ್ಕದವನೂ ಇಳಿದರು. ಮತ್ತೊಬ್ಬಳು ಬಂದಳು, ಬೈಬಲ್ ಓದುತ್ತಿದ್ದ ಮುದುಕ ಪುಸ್ತಕ ಮುಚ್ಚಿ ಇಳಿದ. ಅಷ್ಟರಲ್ಲಿ ಖಾಲಿ ಎಂದಿದ್ದ ಆ ವ್ಯಾನು ನಮ್ಮೆದುರೇ ಹೊರಟುಹೋಯಿತು. ಕೊನೆಗೆ ಕೂಸಿನವಳು ಎದ್ದಳು. ಕೂಸು ನನ್ನನ್ನು ನೋಡಿ ನಕ್ಕಿತು. ಕಸುಬಿಗೆ ಹೊಸದಿರಲಾರದು.

ನಾನು ಕೆಳಗಿಳಿದು ಕಂಡಕ್ಟರಿಗೆ ಪ್ರಾಮಾಣಿಕತೆಯ ಬಗ್ಗೆ ಉಪನ್ಯಾಸ ಆರಂಭಿಸಿದೆ. ಅವನು ಗೌರವದಿಂದ ಕೇಳಿ, "ಮೇಷ್ಟ್ರೇ, ನೀವು ಮುಂದ್ಗಡೆ ಸೀಟಲ್ಲಿ ಕೂತ್ಕೊಳ್ಳಿ. ಈ ಸೂಟ್ ನೋಡಿದ್ರೆ ಜನ ತಾವಾಗೇ ಬರ್ತಾರೆ" ಎಂದ. ಹೊಗಳಿಕೆಗೆ ನಾನು ಸುಲಭ. ಎದೆಯುಬ್ಬಿಸಿ ಕೂತೆ. ಜನ ಬಂದರು ಕೂಡ.

"ಸಂಬಳ ಎಷ್ಟಂತೆ?" ಎಂದಳು ಹಿಂದಿನ ಸೀಟಿನಿಂದ ಕಾರ್ವಿತಾ.

ನಗರದಲ್ಲಿಳಿದರೆ ಬುರುಬುರು ಕಡೆಯ ವ್ಯಾನಿಗೆ ಕಾಯುವವರ ಸಾಲು ಬೀದಿಯ ಮೂಲೆ ತನಕ. ಕಾರ್ವಿತಾಳ ಕಣ್ಣಲ್ಲಿ ನೀರು. "ಇಷ್ಟೊತ್ತಿಗೆ ಅವ್ರು ಗೇಟ್ ಹತ್ರ ಬಂದಿರ್ತಾರೆ. ನಾನಿಲ್ದೆ ನನ್ ತಂಗಿ ಒಂದೇ ಹಾಡಿಗೆ ಬೀಗ ತೆಗೆದ್ಬಿಡ್ತಾಳೆ." ಹೆದರಿಕೆಯಾಯಿತು. ಅಷ್ಟರಲ್ಲಿ ರಿಬ್ಬನ್ನು ಕಟ್ಟಿಕೊಂಡ ಮಟಾಟೊಂದು ಪಕ್ಕದಲ್ಲಿ ನಿಂತಿದ್ದು ಕಂಡು ಓಡಿದೆ.

"ಬುರುಬುರುಗಾ?"

"ಹೂಂ. ಮದುವೆಗಾ?"

"ಮದುವೆಗೇ."

"ಮತ್ತೆ ಹತ್ತಿ ಯಜಮಾನ್ರೇ, ಆಗಲೇ ತಡ ಆಗಿದೆ" ಎಂದು ಒಬ್ಬ ಹಿರಿಯ ಕೈಕೊಟ್ಟು ಎಳೆದುಕೊಂಡ.

ಒಳಗೆಲ್ಲ ಹಾಡು. ಮಂದಾಜಿ ವಡೆ ಕೈಗಿಟ್ಟರು. ಎರಡು ತಿರುವು ದಾಟಿದ ಮೇಲೆ ಆ ಹಿರಿಯ ಎಲ್ಲರಿಗೂ ಹೇಳಿದ: "ಗೇಟ್ ಹತ್ರ ಹುಷಾರು. ಹುಡುಗಿಗೆ ಮೇರು ಕಡೆಯ ದೊಡ್ಡಮ್ಮ ಒಬ್ಳಿದಾಳಂತೆ, ಭಾರೀ ಬಾಯಿ. ಅವಳಿಗೇ ಅಂತ ಕಟ್ಟಿರೋ ಹಾಡು ಇನ್ನೊಂದ್ಸಲ ಹೇಳ್ಕೊಳ್ಳಿ."

ನಾವು ಹತ್ತಿದ್ದು ಗಂಡಿನ ಕಡೆಯವರ ವ್ಯಾನು. ಅರ್ಧ ತಿಂದ ಮಂದಾಜಿಯನ್ನು ನಾನು ಮೆಲ್ಲಗೆ ಜೇಬಿಗೆ ಸೇರಿಸಿದೆ. ಭಾರೀ ಬಾಯಿಯವಳು ಮಾತ್ರ ಆ ಬಾಯಿ ಮುಚ್ಚಿಕೊಂಡು, ಕಿವಿ ಬಿಚ್ಚಿಕೊಂಡು, ಮೆಲ್ಲಗೆ ತಾಳ ಹಾಕುತ್ತಿದ್ದಳು.

ಮುಗಾಂಬಿಯ ಗೇಟಿಗೆ ಬೀಗ ಬಿದ್ದಿತ್ತು. ಗುಂಪು ಇಳಿದು ಸಾಲುಗಟ್ಟುವಷ್ಟರಲ್ಲಿ ಕಾರ್ವಿತಾ ಮುಂದೆ ನುಗ್ಗಿ ತಂಗಿಯ ಹೆಸರು ಹಿಡಿದು ಕೂಗಿದಳು. ಗೇಟು ಗೇಣಗಲ ತೆರೆಯಿತು, ಒಂದು ಕೈ ಬಂತು, ಅವಳನ್ನು ಒಳಗೆಳೆದುಕೊಂಡಿತು. ಹಿಂದೆಯೇ ಹೋದ ನನ್ನ ಮೂಗಿಗೆ ತಗಡು ಬಡಿಯಿತು.

"ನಾನೂ ಇದೀನಿ" ಎಂದೆ. ಬೀಗ ಹಾಕಿದ ಸದ್ದು ಕೇಳಿಸಿತು.

ಆಮೇಲೆ ನಡೆದದ್ದು ಯುದ್ಧವಲ್ಲ, ಕಗ್ಗೊಲೆ. ಹೊರಗಿನವರು ಹಾಡಿನ ಮೊದಲ ಸಾಲು ಎತ್ತುವಷ್ಟರಲ್ಲಿ ಒಳಗಿನಿಂದ ಉತ್ತರ ಸಿದ್ಧ. ದೊಡ್ಡಮ್ಮನಿಗೆಂದು ಕಟ್ಟಿದ್ದ ಹಾಡನ್ನು ಅವಳೇ ಮೊದಲು ಹಾಡಿ, ಕೊನೆಗೆ ಹುಡುಗನ ಚಿಕ್ಕಪ್ಪನ ಹೊಟ್ಟೆಯನ್ನೂ ಸೇರಿಸಿದಳು. ನಮ್ಮನ್ನು ಹತ್ತಿಸಿಕೊಂಡಿದ್ದ ಹಿರಿಯನೇ ಆ ಚಿಕ್ಕಪ್ಪ. ಪಾಪ, ಹೊಟ್ಟೆ ಮುಟ್ಟಿ ನೋಡಿಕೊಂಡ.

ನನಗೆ ಹೆಮ್ಮೆ ತಡೆಯಲಿಲ್ಲ. ಗೇಟಿನ ಸಂದಿಗೆ ಬಾಯಿಟ್ಟೆ. "ಕೆಂಡಿ ಅಮ್ಮ, ನೋಡಿದ್ಯಾ? ಮುಗಾಂಬಿ ಕಾರಲ್ಲಿ ಬಂದಿದ್ರೆ ಅವರ ಹಾಡೆಲ್ಲ ಸಿಕ್ತಿತ್ತಾ? ನನ್ನಿಂದ್ಲೇ ಅಲ್ವಾ?"

ಒಳಗಿನಿಂದ ಹೊಸ ಹಾಡು ಹೊರಟಿತು: ಸಂದಿಗೆ ಬಾಯಿಟ್ಟ ಸೂಟಿನವನು ಯಾರೋ ನಾವು ಅರಿಯೆವು, ಒಬ್ಬನೇ ಬೀದಿಯಲ್ಲಿ ಕುಣಿದರೆ ಬೀಗ ತೆಗೆಯುವೆವು.

ಗಂಡಿನ ಕಡೆಯ ಗುಂಪು ಪೂರ್ತಿ ನನ್ನತ್ತ ತಿರುಗಿತು.

"ನಾನು ಹೆಣ್ಣಿನ ಕಡೆಯವನು" ಎಂದೆ.

"ಇರ್ಬಹುದು ಯಜಮಾನ್ರೇ" ಎಂದ ಚಿಕ್ಕಪ್ಪ ಸಮಾಧಾನವಾಗಿ, "ಆದ್ರೆ ಪಾದ್ರಿ ಕಾಯ್ತಾ ಇದಾರೆ. ಕುಣೀರಿ."

ಕುಣಿದೆ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ಬುರುಬುರುವಿನ ಬೀದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಕುಣಿದೆ. ಎದುರುಮನೆಯವರು ಕುರ್ಚಿ ತಂದು ಹಾಕಿಕೊಂಡರು. ಸಾಲದು ಎಂದು ಒಳಗಿನಿಂದ ಎರಡು ಸಲ ತೀರ್ಪು ಬಂತು.

ಬೀಗ ತೆರೆದಾಗ ಬಾಗಿಲಲ್ಲಿ ಮುಗಾಂಬಿ ಗಂಡಿನ ಕಡೆಯವರನ್ನು ಒಬ್ಬೊಬ್ಬರಾಗಿ ಕೈಕುಲುಕಿ ಬರಮಾಡಿಕೊಳ್ಳುತ್ತಿದ್ದ. ನನ್ನ ಸರದಿ ಬಂದಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬನ್ನಿ ಬೀಗರೇ. ದಾರಿ ಕಷ್ಟ ಆಯ್ತೇನೋ. ವಾಪಸ್ ಹೋಗೋಕೆ ಕಾರ್ ಹೇಳ್ಲಾ?"

ಹೂಂ ಎನ್ನಲು ಬಾಯಿ ತೆರೆದಿದ್ದೆ, ನಿಜವಾಗಿಯೂ ತೆರೆದಿದ್ದೆ. ಅವನ ಬೆನ್ನ ಹಿಂದಿನಿಂದ ಕಾರ್ವಿತಾಳ ದನಿ ಬಂತು, ಹಾಡಿ ಹಾಡಿ ಒಡೆದಿದ್ದರೂ ಜೇನಿನಂತೆ:

"ಬೇಡ ಬಿಡಿ. ಅವ್ರು ಗಂಡಿನ ಕಡೆಯವ್ರ ಜೊತೆ ಬಂದೋರು, ಅವ್ರ ಜೊತೇಲೇ ಹೋಗ್ತಾರೆ."